ಅಪ್ಪಾಜಿಯ ಕಾಂಟೆಸ್ಸಾ ಗಾಣಗಾಪುರಕ್ಕೆ ಹೋಗಿ ಬರಬೇಕು

ಪ್ರಶ್ನೆ: ನಮ್ಮ ಅಪ್ಪಾಜಿ 1993ರಲ್ಲಿ ತಗೊಂಡ ಕಾಂಟೆಸ್ಸಾ ಕ್ಲಾಸಿಕ್ 1.8 ಜಿಎಲ್‌ಎಕ್ಸ್ ಪೆಟ್ರೋಲ್ ಗಾಡಿ ಕಲಬುರಗಿಯ ಸೇಡಂ ರಸ್ತೆಯ ನಮ್ಮ ಮನೆಯ ಪತ್ರಾಸ್ ಶೆಡ್ಡಿನಲ್ಲಿ 11 ವರ್ಷದಿಂದ ನಿಂತಿದೆ. ಕೆಎ-32 ನಂಬರ್. ಆರ್‌ಸಿ 2018ರಲ್ಲೇ ಮುಗಿದಿದೆ. ಅಪ್ಪಾಜಿಗೆ ಈಗ 78. ಒಮ್ಮೆ ಅವರನ್ನು ಅದೇ ಗಾಡಿಯಲ್ಲಿ ಕೂರಿಸಿಕೊಂಡು ಗಾಣಗಾಪುರಕ್ಕೆ ಹೋಗಿ ಬರಬೇಕು ಅನ್ನೋದು ನನ್ನ ಆಸೆ. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು, ಭಾನುವಾರಗಳಲ್ಲಿ ಮನೆಯಲ್ಲೇ ಕೆಲಸ ಮಾಡಿಕೊಳ್ಳಬಲ್ಲೆ. ಪರಿಚಯದ ಮಿಸ್ತ್ರಿ ಒಬ್ಬರು ಬಂದು ನೋಡಿದರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಸ್ಟಾರ್ಟ್ ಆಗುತ್ತದೆ ಅಂದರು. ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ತೆಗೆದುಹಾಕಬೇಕು, ಪುಟ್ಟಿ ಹಾಕಿ ಪೇಂಟ್ ಹೊಡೆದರೆ 15 ದಿನದಲ್ಲಿ ಗಾಡಿ ರೆಡಿ ಅಂದರು. ದೊಡ್ಡ ಡೀಸೆಲ್ ಇಂಜಿನ್ ಕೂರಿಸಿದರೆ ‘ಮಸಲ್ ಕಾರ್’ ಅನ್ನೋ ಹೆಸರಿಗೆ ತಕ್ಕ ಓಟ ಬರುತ್ತದೆ ಅಂತಲೂ ಹೇಳಿದರು. ನನ್ನ ತಮ್ಮನದು ಬೇರೆಯೇ ಮಾತು: 15 ವರ್ಷ ದಾಟಿದ ಗಾಡಿ, ಗುಜರಿಗೆ ಹಾಕಲೇಬೇಕು ಅಂತಾನೆ. ಯಾರ ಮಾತು ಕೇಳಲಿ?
ಓದುಗರು, ಕಲಬುರಗಿ

ಉತ್ತರ: ನಮಸ್ಕಾರ ಸರ್. ನಿಮ್ಮ ಪತ್ರ ಎರಡು ಸಲ ಓದಿದೆ. ಪ್ರಶ್ನೆ ನಾಲ್ಕೈದು ಇದ್ದರೂ ನಿಮ್ಮ ಚಿಂತೆ ಒಂದೇ. ಅಪ್ಪಾಜಿ ಗಟ್ಟಿಯಾಗಿರುವಾಗಲೇ ಗಾಡಿ ರೆಡಿ ಆಗಬೇಕು, ಅವಸರದಲ್ಲಿ ಅದು ಹಾಳೂ ಆಗಬಾರದು. ಗಾಣಗಾಪುರಕ್ಕೆ ಹೋಗಿ ಬರೋದು ಅಂದರೆ ನೂರು ಕಿಲೋಮೀಟರ್ ಒಳಗಿನ ಮಾತು. ಆ ನೂರು ಕಿಲೋಮೀಟರನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಹಿರಿಯರನ್ನು ಕೂರಿಸಿಕೊಂಡು ಹೋಗುವ ಗಾಡಿ ಮೊದಲು ಸರಿಯಾಗಿ ನಿಲ್ಲಬೇಕು. ಬಿಸಿ ಆಗಬಾರದು. ದಾರಿಯಲ್ಲಿ ಕೈ ಕೊಡಬಾರದು. ಜೋರಾಗಿ ಓಡೋದು ಇದೆಲ್ಲ ಆದ ಮೇಲೆ. ಮೂವತ್ತು ವರ್ಷದಿಂದ ಹಳೆ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಈ ಕ್ರಮ ತಪ್ಪಿಸಿದವರೇ ಅರ್ಧಕ್ಕೆ ಕೈಬಿಟ್ಟಿದ್ದು ಜಾಸ್ತಿ.

ಮೊದಲು ನಿಮ್ಮ ತಮ್ಮನ ಮಾತು ಮುಗಿಸಿಬಿಡೋಣ. 15 ವರ್ಷ ಆದ ಖಾಸಗಿ ಗಾಡಿಯನ್ನು ಗುಜರಿಗೆ ಹಾಕಲೇಬೇಕು ಅನ್ನೋ ಕಾನೂನು ನಮ್ಮಲ್ಲಿ ಇಲ್ಲ. ಈ ಸುದ್ದಿ ಹಬ್ಬಿದ್ದು ಎರಡು ಕಡೆಯಿಂದ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಕೋರ್ಟಿನ ನಿರ್ಬಂಧ ಬಂತು. ಆಮೇಲೆ 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ರದ್ದಾಗತೊಡಗಿತು. ನಿಮ್ಮದು ಎರಡೂ ಅಲ್ಲ. ಆರ್‌ಟಿಒದಲ್ಲಿ ಗಾಡಿ ತೋರಿಸಿ ಪಾಸಾದರೆ ಇನ್ನೂ 5 ವರ್ಷಕ್ಕೆ ನೋಂದಣಿ ಸಿಗುತ್ತದೆ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರುಗಳಿಗೆ ಈ ನವೀಕರಣದ ಶುಲ್ಕ 10,000 ರೂಪಾಯಿ ಆಗಿದೆ. ನಿಮ್ಮ ಆರ್‌ಸಿ 2018ರಲ್ಲೇ ಮುಗಿದಿರೋದರಿಂದ ತಡವಾದದ್ದಕ್ಕೆ ತಿಂಗಳ ಲೆಕ್ಕದಲ್ಲಿ ಇನ್ನಷ್ಟು ಸೇರುತ್ತದೆ. ಹಸಿರು ತೆರಿಗೆಯೂ ಇದೆ. ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಒಟ್ಟು ಎಷ್ಟಾಗುತ್ತದೆ ಅಂತ ಬರೆಸಿಕೊಂಡು ಬನ್ನಿ. ಕೆಲವರು ‘ವಿಂಟೇಜ್ ನಂಬರ್ ಮಾಡಿಸಿ’ ಅಂತ ಸಲಹೆ ಕೊಡುತ್ತಾರೆ. ಅದು 50 ವರ್ಷ ದಾಟಿದ ಗಾಡಿಗಳಿಗೆ ಮಾತ್ರ. ಕಾಂಟೆಸ್ಸಾ ಹುಟ್ಟಿದ್ದೇ 1984ರಲ್ಲಿ.

ಇನ್ನು ಮಸಲ್ ಕಾರ್ ವಿಷಯ. ಉದ್ದ ಬಾನೆಟ್, ಅಗಲ ಮೂತಿ ನೋಡಿ ಜನ ಪ್ರೀತಿಯಿಂದ ಕಾಂಟೆಸ್ಸಾಗೆ ಆ ಹೆಸರು ಕೊಟ್ಟಿದ್ದಾರೆ. ನನಗೂ ಆ ಗಾಡಿ ಅಂದರೆ ಪ್ರಾಣ. ಆದರೆ ಅದರ ಹುಟ್ಟು ಬೇರೆ. ಅಮೆರಿಕದ ಮಸಲ್ ಕಾರುಗಳ ಕಾಲ ಶುರುವಾಗಿದ್ದು 1964ರ ಪಾಂಟಿಯಾಕ್ ಜಿಟಿಒದಿಂದ ಅಂತ ಹೆಚ್ಚಿನವರು ಹೇಳುತ್ತಾರೆ. ಅದರಲ್ಲಿದ್ದದ್ದು ಎಂಟು ಸಿಲಿಂಡರಿನ 6.4 ಲೀಟರ್ ಇಂಜಿನ್, ಮುನ್ನೂರು ಕುದುರೆ ಶಕ್ತಿಗೂ ಮೇಲೆ. ಕಾಂಟೆಸ್ಸಾದ ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಮನೆಮಂದಿ ಕೂರುವ ಕಾರು. ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಇಲ್ಲಿ 2002ರವರೆಗೆ ತಯಾರಿಸಿತು. ಶುರುವಿನ ಗಾಡಿಗಳಿಗೆ ಅಂಬಾಸಿಡರಿನ ಹಳೆಯ 1.5 ಲೀಟರ್ ಇಂಜಿನ್ನೇ ಇತ್ತು, ಆ ದೊಡ್ಡ ಮೈಯನ್ನು ಅದು ಕಷ್ಟಪಟ್ಟು ಎಳೆಯುತ್ತಿತ್ತು. ನಿಮ್ಮದರಲ್ಲಿ ಇರೋದು ಇಸುಜು 1817 ಸಿಸಿ ನಾಲ್ಕು ಸಿಲಿಂಡರ್ ಇಂಜಿನ್, ಐದು ಗೇರ್. ತೊಂಬತ್ತಕ್ಕೆ ಸ್ವಲ್ಪ ಕಮ್ಮಿ ಕುದುರೆ ಶಕ್ತಿ. ಇದು ಮೆತ್ತಗೆ, ಗಂಭೀರವಾಗಿ, ದೂರ ಹೋಗೋಕೆ ಮಾಡಿದ ಗಾಡಿ. ಆ ಗುಣ ವಾಪಸ್ ತಂದರೆ ಅಪ್ಪಾಜಿಗೆ ಗುರುತು ಸಿಗೋದು ಅದೇ.

ನಿಮಗೊಂದು ಒಳ್ಳೆ ಸುದ್ದಿ ಇದೆ. ಇದೇ ಇಸುಜು 1.8 ಇಂಜಿನ್ನು ಅಂಬಾಸಿಡರ್ 1800 ಐಎಸ್‌ಝಡ್ ಗಾಡಿಗೂ ಬಂತು. ಅಂಬಾಸಿಡರ್ 2014ರವರೆಗೂ ತಯಾರಾಗುತ್ತಿತ್ತು. ಹಾಗಾಗಿ ಅಂಗಡಿಯಲ್ಲಿ ‘ಕಾಂಟೆಸ್ಸಾ ಸಾಮಾನು’ ಅಂತ ಕೇಳಿದರೆ ತಲೆ ಆಡಿಸುವವರು ‘ಐಎಸ್‌ಝಡ್ ಅಂಬಾಸಿಡರಿನದು’ ಅಂದರೆ ಒಳಗೆ ಹೋಗಿ ಹುಡುಕುತ್ತಾರೆ. ಸೋಲಾಪುರ, ಹೈದರಾಬಾದ್ ಎರಡೂ ನಮಗೆ ಹತ್ತಿರ. ಇಂಜಿನ್ ಸಾಮಾನಿನ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಚಿಂತೆ ಇರೋದು ಗಾಜು, ಹಿಂದಿನ ಲೈಟು, ಗ್ರಿಲ್, ಬಾಗಿಲ ಬೀಡಿಂಗ್ ಬಗ್ಗೆ. ಅವು ಕಾಂಟೆಸ್ಸಾಗೆ ಮಾತ್ರ ಸೇರಿದವು. ಕೆಲಸ ಶುರು ಮಾಡುವ ಮೊದಲೇ ಅವನ್ನೆಲ್ಲ ಬಿಚ್ಚಿ, ಹಳೆ ಕಂಬಳಿಯಲ್ಲಿ ಸುತ್ತಿ, ಮನೆಯೊಳಗೆ ಮಂಚದ ಕೆಳಗೆ ಇಡಿ. ಮುಂದಿನ ಗಾಜು ಮಾತ್ರ ತೆಗೆಯೋಕೆ ಹೋಗಬೇಡಿ, ದಪ್ಪ ಹಾಸಿಗೆ ಮುಚ್ಚಿ ಬಿಡಿ.

ಈಗ ಟ್ರ್ಯಾಕ್ಟರ್. ದಯವಿಟ್ಟು ಆ ಹಗ್ಗ ತರಿಸಬೇಡಿ. 11 ವರ್ಷ ನಿಂತ ಇಂಜಿನ್ನಿನ ಒಳಗೆ ಎಣ್ಣೆ ಪೂರ್ತಿ ಕೆಳಗಿಳಿದಿರುತ್ತದೆ. ಸಿಲಿಂಡರಿನ ಗೋಡೆ ಒಣಗಿರುತ್ತದೆ. ಪಿಸ್ಟನ್ ರಿಂಗು ಇರುವ ಜಾಗದಲ್ಲಿ ಸಣ್ಣಗೆ ಜಂಗು ಹಿಡಿದು, ರಿಂಗು ಗೋಡೆಗೆ ಅಂಟಿರಬಹುದು. ಟ್ರ್ಯಾಕ್ಟರ್ ಎಳೆದಾಗ ಅದು ಬಿಡಿಸಿಕೊಳ್ಳೋದಿಲ್ಲ, ಮುರಿಯುತ್ತದೆ. ರಿಂಗ್ ಮುರಿದರೆ ಗೋಡೆಯಲ್ಲಿ ಗೀರು ಬೀಳುತ್ತದೆ. ಆಮೇಲೆ ಬೋರಿಂಗ್, ಹೊಸ ಪಿಸ್ಟನ್, ಪೂರ್ತಿ ಇಂಜಿನ್ ಕೆಲಸ. ಎಷ್ಟೋ ಒಳ್ಳೆ ಇಂಜಿನ್ನುಗಳು ಆ ಐದು ನಿಮಿಷದ ಎಳೆತದಲ್ಲೇ ಹೋಗಿವೆ.

ಬದಲಿಗೆ ಹೀಗೆ ಮಾಡಿ. ಬ್ಯಾಟರಿ ಈಗಲೇ ಹಾಕಬೇಡಿ. ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ, ಇಲಿ ಗೂಡು ಕಟ್ಟಿರೋ ಸಾಧ್ಯತೆ ಜಾಸ್ತಿ. ತೊಗರಿ ಹೊಟ್ಟು, ಬಟ್ಟೆ ಚೂರು, ಸೀಟಿನ ಹತ್ತಿ ಎಲ್ಲ ಅಲ್ಲೇ ಸಿಗುತ್ತದೆ. ನಾಲ್ಕೂ ಪ್ಲಗ್ ಬಿಚ್ಚುವ ಮೊದಲು ಪ್ಲಗ್ ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಅದು ಸೀದಾ ಒಳಗೆ ಬೀಳುತ್ತದೆ. ಪ್ಲಗ್ ರಂಧ್ರದೊಳಗೆ ತಲಾ ಎರಡು ಚಮಚ ತೆಳುವಾದ ಎಣ್ಣೆ ಬಿಡಿ. ನಾನು ಆಟೊಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆ ಬಳಸುತ್ತೇನೆ, ಸಂದಿಯೊಳಗೆ ಚೆನ್ನಾಗಿ ಇಳಿಯುತ್ತದೆ. ಮೂರು ದಿನ ಬಿಟ್ಟುಬಿಡಿ. ನಾಲ್ಕನೇ ದಿನ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಪುಲ್ಲಿಯ ಬೋಲ್ಟಿಗೆ ರಿಂಗ್ ಪಾನಾ ಹಾಕಿ, ಇಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಮೆಲ್ಲಗೆ ಒತ್ತಿ. ಪಾನಾದ ತುದಿಗೆ ಪೈಪ್ ಸಿಕ್ಕಿಸಿ ಬಲ ಹಾಕಬೇಡಿ. ಕೈಗೇ ಗೊತ್ತಾಗುತ್ತದೆ. ಮೊದಲು ಕಲ್ಲಿನ ಹಾಗೆ ನಿಂತಿರುತ್ತದೆ, ಆಮೇಲೆ ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದ ಹಾಗೆ ಭಾರವಾಗಿ ಸ್ವಲ್ಪ ಸರಿಯುತ್ತದೆ. ಸರಿದರೆ ಅಲ್ಲಿಗೆ ನಿಲ್ಲಿಸಿ, ಇನ್ನಷ್ಟು ಎಣ್ಣೆ ಬಿಟ್ಟು ಮರುದಿನ ಮತ್ತೆ ಪ್ರಯತ್ನಿಸಿ. ಪೂರ್ತಿ ಎರಡು ಸುತ್ತು ಎಲ್ಲೂ ತಡೆಯದೆ ತಿರುಗಿದ ಮೇಲೆ ಹಳೆ ಇಂಜಿನ್ ಆಯಿಲ್ ಇಳಿಸಿ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ಪ್ಲಗ್ ಇಲ್ಲದೆಯೇ ಸ್ಟಾರ್ಟರ್‌ನಿಂದ ಸುತ್ತಿಸಿ, ಆಯಿಲ್ ಒತ್ತಡದ ದೀಪ ಆರುವವರೆಗೆ. ಇಷ್ಟಾದ ಮೇಲೆಯೇ ಪೆಟ್ರೋಲ್, ಪ್ಲಗ್ಗಿನ ಕಿಡಿಯ ಮಾತು.

ಅದೇ ದಿನ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ಅಳೆಯಿರಿ. ಕಾಯಿಲ್ ವಯರ್ ತೆಗೆದಿರಲಿ, ಎಕ್ಸಲರೇಟರ್ ಪೂರ್ತಿ ಒತ್ತಿರಲಿ. ನಾಲ್ಕರ ಅಂಕಿಗಳಲ್ಲಿ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಒಂದರಲ್ಲಿ ಕಮ್ಮಿ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗಿನ ತೊಂದರೆ, ಏರದಿದ್ದರೆ ವಾಲ್ವಿನ ತೊಂದರೆ. ಈ ನಾಲ್ಕು ಅಂಕಿ ಕೈಯಲ್ಲಿದ್ದರೆ ಯಾವ ಮಿಸ್ತ್ರಿಯೂ ನಿಮ್ಮ ಇಂಜಿನ್ ಸುಮ್ನೆ ಬಿಚ್ಚಿಸೋಕಾಗಲ್ಲ.

ಪೆಟ್ರೋಲ್ ಬಗ್ಗೆ ಎರಡು ಹೆದರಿಕೆ ಓಡಾಡುತ್ತಿವೆ. ಒಂದು ಸೀಸದ್ದು. ಸೀಸ ಬೆರೆಸಿದ ಪೆಟ್ರೋಲು ದೇಶದಲ್ಲಿ 2000ದ ಫೆಬ್ರವರಿಗೆ ನಿಂತಿತು. ಆ ಸೀಸ ಇಲ್ಲದಿದ್ದರೆ ಹಳೆ 1.5 ಲೀಟರಿನ ಕಬ್ಬಿಣದ ಹೆಡ್ಡಿಗೆ ವಾಲ್ವ್ ಸೀಟು ಸವೆಯೋ ಭಯ ನಿಜ. ನಿಮ್ಮ ಇಸುಜುವಿನದು ಅಲ್ಯುಮಿನಿಯಂ ಹೆಡ್, ಅದರಲ್ಲಿ ಗಟ್ಟಿ ಲೋಹದ ಸೀಟನ್ನೇ ಕೂರಿಸಿರುತ್ತಾರೆ. ಸೀಸದ ಬದಲು ಪೆಟ್ರೋಲಿಗೆ ಬೆರೆಸಿ ಅಂತ ಬಾಟಲಿ ಮಾರೋರಿಗೆ ದುಡ್ಡು ಕೊಡಬೇಡಿ. ಎರಡನೇದು ಎಥೆನಾಲ್, ಇದು ನಿಜವಾದ ಚಿಂತೆ. ಈಗ ಬಂಕಿನಲ್ಲಿ ಸಿಗೋದು ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್. 1993ರ ರಬ್ಬರು ಅದಕ್ಕೆ ತಯಾರಾದದ್ದಲ್ಲ. ಪೈಪು ಮೆತ್ತಗಾಗಿ, ಒಳಗಿನಿಂದ ಸಿಪ್ಪೆ ಏಳುತ್ತದೆ. ಆ ಸಿಪ್ಪೆ ಕಾರ್ಬುರೇಟರಿನ ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು, ಬಿಸಿ ಇಂಜಿನ್ನಿನ ಮೇಲೆ ಪೈಪು ಸೋರುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಲ್ಲ ರಬ್ಬರ್ ಪೈಪನ್ನೂ ಎಥೆನಾಲ್ ತಡೆಯುವ ವಿಟಾನ್ ಒಳಪದರದ ಪೈಪಿಗೆ ಬದಲಿಸಿ. ಪಂಪಿನ ಡಯಾಫ್ರಮ್, ಕಾರ್ಬುರೇಟರ್ ಕಿಟ್ ಕೂಡ ಹೊಸದೇ ಹಾಕಿ. ಈ ಪೆಟ್ರೋಲು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಇಟ್ಟು ಕೂರಬೇಡಿ.

ಟ್ಯಾಂಕ್ ಇಳಿಸಿ ಹಳೆ ಪೆಟ್ರೋಲ್ ತೆಗೆದಾಗ ವಾರ್ನಿಶ್ ವಾಸನೆ ಬರುತ್ತದೆ. ತೂತು ಇದ್ದರೆ ವೆಲ್ಡಿಂಗ್ ಅಂಗಡಿಗೆ ಓಡಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ, ಒಳಗಿನ ಆವಿಗೆ ಒಂದು ಕಿಡಿ ಸಾಕು. ಇದರ ಅನುಭವ ಇರುವ ರೇಡಿಯೇಟರ್-ಟ್ಯಾಂಕ್ ಕೆಲಸದವರ ಕೈಗೇ ಕೊಡಿ.

ಈಗ ಬಿಸಿಲಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಗಾಡಿ ಮಾಡಿಸುವವರು ಗೆಲ್ಲೋದೂ ಸೋಲೋದೂ ಇಲ್ಲೇ. ಥರ್ಮೋಸ್ಟಾಟ್ ಅಂದರೆ ಇಂಜಿನ್ ಬಿಸಿ ಏರುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಸಣ್ಣ ಬಾಗಿಲು. ಅದನ್ನು ತೆಗೆಯೋದು ಕಲಬುರಗಿ, ರಾಯಚೂರು ಕಡೆ ಮಿಸ್ತ್ರಿಗಳಿಗೆ ತಲೆಮಾರಿನಿಂದ ಬಂದ ಅಭ್ಯಾಸ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೆಟ್ಟ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದರೆ ಇಂಜಿನ್ ಕುದಿಯೋದು ಖಂಡಿತ, ಅದನ್ನು ತೆಗೆದ ತಕ್ಷಣ ಸರಿಹೋಗೋದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆದರೆ ರೋಗ ಇದ್ದದ್ದು ಆ ಒಂದು ಕೆಟ್ಟ ತುಂಡಿನಲ್ಲಿ. ಒಳ್ಳೆ ಥರ್ಮೋಸ್ಟಾಟ್ ಸಾಮಾನ್ಯವಾಗಿ 82 ಡಿಗ್ರಿ ಹೊತ್ತಿಗೆ ಬಾಯಿ ತೆರೆಯುತ್ತದೆ. ಮೇ ತಿಂಗಳ 43 ಡಿಗ್ರಿ ಬಿಸಿಲಲ್ಲಿ ಗಾಡಿ ಓಡುವಾಗ ಇಂಜಿನ್ನಿನ ನೀರು ಆ ಬಿಸಿ ದಾಟಿರುತ್ತದೆ, ಅದು ಹೇಗೂ ತೆರೆದೇ ಇರುತ್ತದೆ, ಅಲ್ವಾ? ಹಾಗಾದ ಮೇಲೆ ಅದನ್ನು ತೆಗೆದು ಏನು ಲಾಭ? ನಷ್ಟ ಮಾತ್ರ ಇದೆ. ಚಳಿಗಾಲದಲ್ಲಿ ಇಂಜಿನ್ ಬೇಗ ಬಿಸಿ ಏರೋದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲಿನಲ್ಲಿ ಸೇರಿದ ತೇವ ಆರದೆ ಕೆಸರಾಗುತ್ತದೆ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಇಂಜಿನ್ ಇನ್ನೂ ಬಿಸಿ ಆಗುತ್ತದೆ.

ಥರ್ಮೋಸ್ಟಾಟ್ ಒಳ್ಳೆಯದೋ ಕೆಟ್ಟದ್ದೋ ನೋಡೋದು ಅಡುಗೆಮನೆಯ ಕೆಲಸ. ಹಳೆ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರ ಕಟ್ಟಿ ತೂಗಿಬಿಡಿ, ತಳಕ್ಕೆ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್. ಸಣ್ಣ ಉರಿ ಇಡಿ. ಪಾತ್ರೆಯ ಅಂಚಿನಲ್ಲಿ ಗುಳ್ಳೆ ಏಳೋ ಹೊತ್ತಿಗೆ ನಡುವಿನ ತಟ್ಟೆ ಮೆಲ್ಲಗೆ ಕೆಳಗಿಳಿದು, ಒಂದು ಅರ್ಧಚಂದ್ರದಂಥ ಸಂದಿ ಬಿಡುತ್ತದೆ. ನೀರಿಂದ ಎತ್ತಿದರೆ ನಿಮಿಷದೊಳಗೆ ಮತ್ತೆ ಮುಚ್ಚುತ್ತದೆ. ಅದರ ಮೇಲೆ ಕೊರೆದ ಡಿಗ್ರಿಯ ಹತ್ತಿರ ತೆರೆದರೆ ಅದು ಒಳ್ಳೆಯದೇ. ಆದರೂ ನಾನು ಹೊಸದೇ ಹಾಕುತ್ತೇನೆ. ಈ ಪರೀಕ್ಷೆ ಹೊಸದಕ್ಕೂ ಮಾಡಿ.

ನಿಜವಾದ ಕಳ್ಳ ಬೋರಿನ ನೀರು. ನಮ್ಮದು ಸುಣ್ಣಕಲ್ಲಿನ ಸೀಮೆ. ಶಹಾಬಾದ್, ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆ ಬಂದಿದ್ದೇ ಆ ಕಲ್ಲಿಗಾಗಿ. ಆ ನೆಲದ ಸವಳು ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ತುಂಬಿಸಿದರೆ, ಚಹಾ ಕಾಯಿಸುವ ಪಾತ್ರೆಯ ಒಳಗೆ ಕಟ್ಟುವ ಬಿಳಿ ಪದರವೇ ಅಲ್ಲೂ ಕಟ್ಟುತ್ತದೆ. ಸಣ್ಣ ಕೊಳವೆಗಳು ಅರ್ಧ ಮುಚ್ಚಿಹೋಗುತ್ತವೆ. ರೇಡಿಯೇಟರ್ ಬಿಚ್ಚಿ, ಮೇಲಿನ ಕೆಳಗಿನ ಟ್ಯಾಂಕ್ ತೆಗೆಸಿ, ಕಡ್ಡಿ ಹಾಕಿಸಿ ಸ್ವಚ್ಛ ಮಾಡಿಸಿ. ಕೊಳವೆ ಸವೆದಿದ್ದರೆ ಹೊಸ ಕೋರ್ ಹಾಕಿಸಿ. ಇಲ್ಲಿ ದುಡ್ಡು ಉಳಿಸಬೇಡಿ. ಅಲ್ಯುಮಿನಿಯಂ ಹೆಡ್ ಒಂದೇ ಸಲ ಕುದ್ದರೂ ಸೊಟ್ಟಗಾಗುತ್ತದೆ, ಆ ಖರ್ಚು ಇದರ ಎಷ್ಟೋ ಪಟ್ಟು. ಆಮೇಲೆ ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್, ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಹಾಕಿ. ರೇಡಿಯೇಟರ್ ಮುಚ್ಚಳ ಹೊಸದು ತನ್ನಿ. ಅದು ಒತ್ತಡ ಹಿಡಿಯುವ ಮುಚ್ಚಳ, ಒಂದೊಂದು ಪೌಂಡ್ ಒತ್ತಡಕ್ಕೂ ನೀರು ಕುದಿಯುವ ಮಟ್ಟ ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. ಫ್ಯಾನಿನ ಸುತ್ತಲಿನ ಗೂಡು ಇದೆಯಾ ನೋಡಿ. ಬಹಳ ಹಳೆ ಗಾಡಿಗಳಲ್ಲಿ ಅದು ಇರೋದೇ ಇಲ್ಲ, ಯಾರೋ ಎಂದೋ ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ. ಅದಿಲ್ಲದಿದ್ದರೆ ಫ್ಯಾನು ಇಡೀ ರೇಡಿಯೇಟರಿನಿಂದ ಗಾಳಿ ಎಳೆಯೋದಿಲ್ಲ.

ಬ್ರೇಕಿಗೆ ಬರುತ್ತೇನೆ. ಇದನ್ನು ನಾನು ಪಾಠ ಕಲಿತು ಹೇಳುತ್ತಿದ್ದೇನೆ. ಬಹಳ ಹಿಂದೆ ಒಂದು ನಿಂತ ಗಾಡಿ ಮಾಡಿ ಮುಗಿಸಿದ್ದೆ. ಲೈನರ್ ಹೊಸದು, ಸಿಲಿಂಡರ್ ಕಿಟ್ ಹೊಸದು. ಚಕ್ರದ ಹತ್ತಿರದ ರಬ್ಬರ್ ಪೈಪು ಮಾತ್ರ ಹೊರಗಿನಿಂದ ಹೊಳೆಯುತ್ತಿತ್ತು ಅಂತ ಹಾಗೇ ಬಿಟ್ಟಿದ್ದೆ. ಶಹಾಬಾದಿಗೆ ಹೋಗಿ ವಾಪಸ್ ಬರುವಾಗ, ಮುಂದೆ ಎಮ್ಮೆಗಳ ಹಿಂಡು ರಸ್ತೆ ದಾಟುತ್ತಿತ್ತು. ಜೋರಾಗಿ ಒತ್ತಿದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹೊಲದ ಬದಿಗೆ ಇಳಿಸಿದೆ. ಆ ದಿನ ಪಕ್ಕದಲ್ಲಿ ಗಾಡಿಯ ಮಾಲೀಕರ ಮಗ ಕೂತಿದ್ದ, ಹತ್ತು ವರ್ಷದ ಹುಡುಗ. ಅವತ್ತಿನಿಂದ ನಿಂತ ಗಾಡಿಯ ಬ್ರೇಕಿನಲ್ಲಿ ರಬ್ಬರ್ ಅನ್ನೋದು ಒಂದೂ ಹಳೆಯದು ಉಳಿಸೋದಿಲ್ಲ. ನೀವೂ ಉಳಿಸಬೇಡಿ. ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರ್, ಎಲ್ಲ ರಬ್ಬರ್ ಪೈಪು ಬದಲಿಸಿ. ಕಬ್ಬಿಣದ ಪೈಪಿನ ಮೇಲೆ ಉಗುರಿನಿಂದ ಕೆರೆದಾಗ ಗುಳಿ ಸಿಕ್ಕರೆ ಅದೂ ಹೊಸದೇ. ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4, ಸೀಲು ಒಡೆಯದ ಡಬ್ಬಿಯದು. ಇಂಜಿನ್ ಆಯಿಲ್ ಒಂದು ಹನಿ ಸೇರಿದರೂ ರಬ್ಬರೆಲ್ಲ ಉಬ್ಬಿ ಕೆಡುತ್ತದೆ. ಹಳೆ ಲೈನರಿನ ಧೂಳಿಗೆ ಗಾಳಿ ಹೊಡೆಯಬೇಡಿ, ಆ ಕಾಲದ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಟೈರು ಹೊಸದೇ ಆಗಬೇಕು, ಅದರಲ್ಲಿ ಚರ್ಚೆಯೇ ಬೇಡ. ಟೈರಿನ ಮೇಲಿನ ನಾಲ್ಕು ಅಂಕಿ ನೋಡಿ ತನ್ನಿ. ಮೊದಲೆರಡು ವಾರ, ಕೊನೆಯೆರಡು ವರ್ಷ.

ನೀವು ಮನೆಯಲ್ಲೇ ಕೆಲಸ ಮಾಡುವವರು, ಅದಕ್ಕೆ ಒಂದು ಮಾತು ಕೈಮುಗಿದು ಹೇಳುತ್ತೇನೆ. ನಮ್ಮ ಕಡೆ ಮನೆಮನೆಯಲ್ಲೂ ಶಹಾಬಾದ್ ಫರ್ಸಿ ಬಿದ್ದಿರುತ್ತದೆ. ಗಾಡಿ ಎತ್ತಿ, ಕೆಳಗೆ ನಾಲ್ಕು ಫರ್ಸಿ ಒಂದರ ಮೇಲೊಂದು ಇಟ್ಟು ಒಳಗೆ ತೂರುವವರನ್ನು ನೋಡಿದ್ದೇನೆ. ಆ ಕಲ್ಲು ನೆಲಕ್ಕೆ ಹಾಸಿದಾಗ ಮಾತ್ರ ಗಟ್ಟಿ. ಒಂದೇ ಕಡೆ ಭಾರ ಬಿದ್ದರೆ ಮುನ್ಸೂಚನೆ ಕೊಡದೆ ಸೀಳುತ್ತದೆ. ಇಟ್ಟಿಗೆಯೂ ಅಷ್ಟೇ. ಹೈಡ್ರಾಲಿಕ್ ಜಾಕ್ ಒಂದನ್ನೇ ನಂಬಿಯೂ ಕೆಳಗೆ ಹೋಗಬೇಡಿ. ಕಬ್ಬಿಣದ ಜಾಕ್ ಸ್ಟ್ಯಾಂಡ್ ನಾಲ್ಕು ತನ್ನಿ. ಶೆಡ್ಡಿನ ನೆಲಕ್ಕೂ ಫರ್ಸಿಯೇ ಹಾಸಿದ್ದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಪ್ಲೈವುಡ್ ಹಲಗೆ ಹಾಕಿ. ಗಾಡಿಯನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ತೂರಿ.

ಈಗ ಪುಟ್ಟಿ, ಪೇಂಟು, 15 ದಿನ. ಇಲ್ಲೊಂದು ತಪ್ಪು ನಂಬಿಕೆ ಇದೆ: ನಮ್ಮದು ಒಣ ಸೀಮೆ, ಮಂಗಳೂರಿನ ಹಾಗೆ ಜಂಗು ಹಿಡಿಯಲ್ಲ ಅಂತ. ಸಮುದ್ರದ ಗಾಳಿ ಇಲ್ಲ, ಅದು ನಿಜ. ಆದರೆ ಎರೆ ಮಣ್ಣು ಇದೆ. ಮಳೆಗಾಲದಲ್ಲಿ ಚಕ್ರದ ಗೂಡಿನ ಒಳಗೆ, ಬಾಗಿಲ ಕೆಳಗಿನ ಸಿಲ್ಲಿನ ತೂತುಗಳಲ್ಲಿ ಅಂಟಿದ ಎರೆ ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದುಕೊಳ್ಳುತ್ತದೆ. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿ. ಪತ್ರಾಸ್ ಶೆಡ್ಡು ಬೆಳಗಿನ ಜಾವ ಬೆವರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದರೆ ಗಾಡಿ 11 ವರ್ಷ ಹಬೆಯಲ್ಲಿ ಕೂತ ಹಾಗೆ.

ಕಾಂಟೆಸ್ಸಾಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಆ ತಗಡಿನ ಮೈಯೇ ಚಾಸಿ. ಸಿಲ್ಲು, ನೆಲ, ಸಸ್ಪೆನ್ಶನ್ ಹಿಡಿದಿರುವ ಜಾಗ ಜಂಗು ತಿಂದಿದ್ದರೆ ಗಾಡಿಯ ಬೆನ್ನೆಲುಬೇ ಹೋಯಿತು ಅಂತ ಅರ್ಥ. ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಇಡೀ ಮೈಮೇಲೆ ಆಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪುಟ್ಟಿ ದಪ್ಪ ಇದೆ. ಕಾರ್ಪೆಟ್ ಎತ್ತಿ. ಸಿಲ್ಲಿನ ಕೆಳಗೆ, ಹಿಂದಿನ ಚಕ್ರದ ಗೂಡಿನ ಅಂಚಿನಲ್ಲಿ, ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಚಿಂಚೋಳಿ ಕಡೆಯಿಂದ ಬಂದ ಒಂದು ಗಾಡಿಯ ಸಿಲ್ಲು ಹೊಸ ಬಣ್ಣದಲ್ಲಿ ಕನ್ನಡಿಯ ಹಾಗಿತ್ತು. ಒತ್ತಿದರೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಒಡೆದು ನೋಡಿದರೆ ಬೆರಳು ದಪ್ಪ ಪುಟ್ಟಿ, ಅದರ ಹಿಂದೆ ಗೋಣಿಚೀಲದ ತುಂಡು, ಅದರ ಹಿಂದೆ ಬರೀ ಕೆಂಪು ಪುಡಿ. ಹಿಂದಿನ ಪೇಂಟರ್ ಕೂಡ 15 ದಿನದಲ್ಲೇ ಕೊಟ್ಟಿದ್ದನಂತೆ.

ಪುಟ್ಟಿಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬರಿ ತಗಡು ಕಾಣುವವರೆಗೆ ಉಜ್ಜಿ, ಪ್ರೈಮರ್ ಮೇಲೆ ಎರಡು ಮೂರು ಮಿಲಿಮೀಟರ್ ಒಳಗೆ ಹಾಕಿದ ಪುಟ್ಟಿ ವರ್ಷಗಟ್ಟಲೆ ಇರುತ್ತದೆ. ಆದರೆ ತೂತು ಮುಚ್ಚೋಕೆ ಅದನ್ನು ಬಳಸಬಾರದು. ತೂತಾದ ತಗಡು ಕತ್ತರಿಸಿ ಹೊಸ ತಗಡು ಕೂರಿಸಬೇಕು. ಗ್ಯಾಸ್ ವೆಲ್ಡಿಂಗ್‌ಗೆ ತಗಡು ಸೊಟ್ಟಗಾಗುತ್ತದೆ, ಮಿಗ್ ವೆಲ್ಡಿಂಗ್ ಮಾಡುವವರನ್ನೇ ಹುಡುಕಿ. ಕಪನೂರ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿ. ಸಿಲ್ಲು ಕತ್ತರಿಸುವುದಾದರೆ ಒಂದು ಸಲಕ್ಕೆ ಒಂದೇ ಬದಿ. ಅದಕ್ಕೂ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ಕೊಟ್ಟು ಬಿಗಿಸಿ. ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ಬಾಗಿಲು ಕೂರೋದೇ ಇಲ್ಲ. ವೆಲ್ಡಿಂಗ್ ಮಾಡುವಾಗ ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡೂ ಗಾಡಿಯಿಂದ ಹೊರಗಿರಲಿ.

ಉಜ್ಜೋದು, ಪ್ರೈಮರ್ ಹಾಕೋದು ನೀವೇ ಮಾಡಿ. ಕೊನೆಯ 2ಕೆ ಪೇಂಟ್, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಪೇಂಟ್ ಮಾತ್ರ ಮನೆಯಲ್ಲಿ ಹೊಡೆಯಬೇಡಿ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ವಿಷ, ಸಾದಾ ಮಾಸ್ಕ್ ಅದನ್ನು ತಡೆಯೋದಿಲ್ಲ. ಪಕ್ಕದ ಖೋಲಿಯಲ್ಲಿ 78 ವರ್ಷದ ಹಿರಿಯರು ಇರುವ ಮನೆ ನಿಮ್ಮದು. ಇನ್ನೊಂದು, ಏಪ್ರಿಲ್-ಮೇ ತಿಂಗಳಲ್ಲಿ ಪೇಂಟ್ ಮಾಡಿಸಲೇಬೇಡಿ. ಆ ಬಿಸಿಲಿಗೆ ಥಿನ್ನರ್ ಗನ್ನಿನಿಂದ ಹೊರಬಿದ್ದ ಕೂಡಲೇ ಆರಿ ಮೈ ಒರಟಾಗುತ್ತದೆ, ಮೇಲೆ ಧೂಳು ಕೂರುತ್ತದೆ. ನವೆಂಬರಿನಿಂದ ಜನವರಿ ಒಳ್ಳೆ ಕಾಲ.

ದೊಡ್ಡ ಡೀಸೆಲ್ ಇಂಜಿನ್ ಬಗ್ಗೆ ಕೇಳಿದಿರಿ. ಕೂರಿಸೋಕೆ ಆಗಲ್ಲ ಅಂತಲ್ಲ, ಜಾಗ ಬೇಕಾದಷ್ಟಿದೆ. ಆದರೆ ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ನಾಳೆ ಏನಾದರೂ ಆದರೆ ವಿಮಾ ಕಂಪನಿ ಮೊದಲು ನೋಡೋದು ಇಂಜಿನ್ ನಂಬರನ್ನೇ. ಕಾನೂನು ಬದಿಗಿಟ್ಟರೂ, ಭಾರದ ಇಂಜಿನ್ ಮುಂದೆ ಕೂತರೆ ಸ್ಪ್ರಿಂಗು ಕುಸಿಯುತ್ತದೆ, ಬ್ರೇಕು ಸಾಲದು, ಗೇರ್ ಬಾಕ್ಸು, ಹಿಂದಿನ ಶಾಫ್ಟು ಎಲ್ಲ ಬದಲಿಸಬೇಕು. ಮೌಂಟಿಂಗ್‌ಗೆ ಅಂತ ಆ ಹಳೆ ತಗಡಿಗೇ ವೆಲ್ಡಿಂಗ್ ಮಾಡಬೇಕು. ಕಾಂಟೆಸ್ಸಾಗೆ ಕಂಪನಿಯೇ ಇಸುಜು 2 ಲೀಟರ್ ಡೀಸೆಲ್ ಇಂಜಿನ್ ಕೊಟ್ಟಿತ್ತು. ಓಡಿಸಿದ್ದೇನೆ, ಅದು ನಿಮ್ಮ ಪೆಟ್ರೋಲಿಗಿಂತ ನಿಧಾನ. ನಿಮ್ಮ ಇಂಜಿನ್ ಕೆಟ್ಟೇ ಹೋಗಿದ್ದರೆ ಅದೇ ಇಸುಜು 1.8 ಇಂಜಿನ್ ಇನ್ನೊಂದು ಹುಡುಕಿ. ಅದಕ್ಕೂ ಬಿಲ್ಲು ಇಟ್ಟುಕೊಂಡು, ಕೂರಿಸುವ ಮೊದಲೇ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಂಬರ್ ಬರೆಸಬೇಕು.

ಹಾಗಂತ ಏನೂ ಹೊಸದು ಬೇಡ ಅನ್ನೋನಲ್ಲ ನಾನು. ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೆ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ, ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹೆಡ್‌ಲೈಟಿಗೆ 100 ವ್ಯಾಟ್ ಬಲ್ಬ್ ಹಾಕುವ ಆಸೆ ಬಿಡಿ. ಎರಡು ಬಲ್ಬಿಗೆ ಹದಿನಾರು ಹದಿನೇಳು ಆಂಪಿಯರ್ ಎಳೆದು ಹಳೆ ಸ್ವಿಚ್ಚು, ವಯರು ಕರಗುತ್ತದೆ. ಸಾದಾ 60/55 ಬಲ್ಬನ್ನೇ ರಿಲೇ ಹಾಕಿ ಬ್ಯಾಟರಿಯಿಂದ ಸೀದಾ ಕೊಡಿ. ಬೆಳಕು ಎಷ್ಟು ಜಾಸ್ತಿ ಆಗುತ್ತದೆ ಅಂತ ನೀವೇ ನೋಡುವಿರಿ. ಹಿಂದಿನ ಸೀಟಿಗೂ ಬೆಲ್ಟ್ ಹಾಕಿಸಿ. ಅಪ್ಪಾಜಿ ಕೂರೋದು ಅಲ್ಲೇ ತಾನೆ.

ಹಾಗಾದರೆ ಏನು ಮಾಡೋದು? ಈ ವರ್ಷ ಇಂಜಿನ್ ಎಬ್ಬಿಸೋದು, ನೀರು, ಬ್ರೇಕು, ವಯರಿಂಗು, ಟೈರು, ಮತ್ತೆ ಸಿಲ್ಲು-ನೆಲದ ತಗಡಿನ ಕೆಲಸ. ಭಾನುವಾರ ಮಾತ್ರ ಮಾಡಿದರೆ ಏಳೆಂಟು ತಿಂಗಳು ಹಿಡಿಯುತ್ತದೆ. ಹಳೆ ಬಣ್ಣದಲ್ಲೇ ಆರ್‌ಟಿಒ ಪಾಸಿಂಗ್, ವಿಮೆ, ಹೊಗೆ ಪ್ರಮಾಣಪತ್ರ ಮುಗಿಸಿ. ಪೇಂಟು ಮುಂದಿನ ಚಳಿಗಾಲಕ್ಕೆ ಇರಲಿ. ಪೂರ್ತಿ ಬಿಚ್ಚಿ ಒಂದೇ ಸಲಕ್ಕೆ ಹೊಸದು ಮಾಡೋದೂ ಒಂದು ದಾರಿ, ನೋಡೋಕೆ ಚಂದ ಆಗುತ್ತದೆ. ಆದರೆ ಬಿಚ್ಚಿದ ಗಾಡಿ ವರ್ಷಗಟ್ಟಲೆ ಬುಟ್ಟಿಯಲ್ಲೇ ಉಳಿದಿದ್ದನ್ನು ಬಹಳ ಕಂಡಿದ್ದೇನೆ. ಅಪ್ಪಾಜಿಯ ವಯಸ್ಸಿಗೆ ಆ ದಾರಿ ಬೇಡ ಅನ್ನೋದು ನನ್ನ ಅನಿಸಿಕೆ. ಅವರನ್ನು ಕೂರಿಸುವ ಮೊದಲು ನೀವೊಬ್ಬರೇ ಜೇವರ್ಗಿವರೆಗೆ ಎರಡು ಸಲ ಹೋಗಿ ಬನ್ನಿ, ಒಂದು ಸಲ ಮಧ್ಯಾಹ್ನದ ಬಿಸಿಲಲ್ಲೇ. ವಾಪಸ್ ಬಂದ ಮೇಲೆ ಗಾಡಿಯ ಕೆಳಗೆ ಹಳೆ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಯಾವ ಹನಿ ಎಲ್ಲಿ ಬಿದ್ದಿದೆ ನೋಡಿ.

ಸದ್ಯಕ್ಕೆ ಈ ಭಾನುವಾರ ಎರಡೇ ಕೆಲಸ: ಪ್ಲಗ್ ಬಿಚ್ಚಿ ಎಣ್ಣೆ ಬಿಡಿ, ಕಾರ್ಪೆಟ್ ಎತ್ತಿ ಫೋಟೋ ತೆಗೆಯಿರಿ. ಇಂಜಿನ್ ಕೈಗೆ ತಿರುಗಿದ ಮೇಲೆ ಕಂಪ್ರೆಶನ್‌ನ ನಾಲ್ಕು ಅಂಕಿ, ಸಿಲ್ಲಿನ ಕೆಳಗಿನ ಫೋಟೋ ಎರಡನ್ನೂ ಕಳಿಸಿಕೊಡಿ. ಅದನ್ನು ನೋಡಿ ಹೆಡ್ ಬಿಚ್ಚಬೇಕೋ ಬೇಡವೋ ಹೇಳುತ್ತೇನೆ.